ಎಡಗಡೆಯ ಬ್ರೇಕ್ ಲೈಟು

ಹಾರ್ನ್ ನಿಲ್ಲಲೇ ಇಲ್ಲ.

ಅವಳು ಗುಂಡಿಯನ್ನು ಒತ್ತಿರಲಿಲ್ಲ. ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿದ್ದಳು, ಅಷ್ಟೇ. ತಿರುವಿನಲ್ಲಿ ಶುರುವಾದ ಕೂಗು ಔಷಧಿ ಅಂಗಡಿ ದಾಟಿತು, ಕ್ಷೌರದ ಅಂಗಡಿ ದಾಟಿತು, ಕೊನೆಗೆ ವ್ಯಾನ್ ಬೀದಿಯ ನಟ್ಟನಡುವೆ ಉಸಿರು ಬಿಟ್ಟು ನಿಂತಿತು. ವ್ಯಾನ್ ನಿಂತರೂ ಕೂಗು ನಿಲ್ಲಲಿಲ್ಲ.

ಬೀದಿಯಲ್ಲಿ ಗಾಡಿ ಕೆಟ್ಟರೆ ನೋಡುವವರೆಲ್ಲ ಮೆಕಾನಿಕ್. ಆ ಗಾಡಿಯ ಸೀಟಿನಲ್ಲಿ ಹೆಂಗಸಿದ್ದರೆ ಎಲ್ಲರೂ ಚೀಫ್ ಇಂಜಿನಿಯರ್.

"ಮೇಡಂ, ಕೀ ತೆಗೀರಿ!"

"ಕೀ ಕೈಯಲ್ಲೇ ಇದೆ!"

"ಹಾಗಾದ್ರೆ ಹಾಕಿ ತೆಗೀರಿ!"

"ಗಾಡಿ ಮಾರಿ ಹೊಲಿಗೆ ಮೆಷಿನ್ ತಗೊಳ್ಳಿ ಮೇಡಂ, ಅದಕ್ಕೆ ಹಾರ್ನ್ ಇರಲ್ಲ!"

ಎಲ್ಲರೂ ನಕ್ಕರು. ಅವಳ ಕಿವಿ ಬಿಸಿಯಾಯಿತು. ಒಗೆದು ಮಡಚಿದ ಹಾಸಿಗೆ ಬಟ್ಟೆಯ ಗಂಟುಗಳು ವ್ಯಾನಿನ ಹಿಂಭಾಗದಲ್ಲಿ ಛಾವಣಿಯವರೆಗೆ ತುಂಬಿದ್ದವು. ಆಸ್ಪತ್ರೆಗೆ ಆಗಲೇ ತಡವಾಗಿತ್ತು.

ಆಗ ಎದುರಿನ ಅಂಗಡಿಯಿಂದ ಒಬ್ಬ ಬಂದ. ಕೈಯಲ್ಲಿ ಕಟಿಂಗ್ ಪ್ಲೇಯರ್. ಅವಳ ಮುಖವನ್ನೂ ನೋಡಲಿಲ್ಲ, ಒಂದು ಮಾತನ್ನೂ ಆಡಲಿಲ್ಲ. ಬಾನೆಟ್ ಎತ್ತಿದ. ಕೈ ಒಳಗೆ ಹಾಕಿದ.

ಕಟಕ್!

ಇಡೀ ಬೀದಿಗೆ ಕಿವಿ ವಾಪಸ್ ಬಂತು.

ಅವನು ಬಾನೆಟ್ ಮುಚ್ಚಿ ಹೊರಟೇಬಿಟ್ಟ. ಅವಳು ಸೀಟಿನಿಂದ ಕೆಳಗೆ ಹಾರಿದಳು.

"ರೀ! ನಿಂತ್ಕೊಳ್ರೀ! ಏನ್ ಕತ್ತರಿಸಿದ್ರಿ?"

"ವೈರು."

"ಯಾರನ್ನ ಕೇಳಿ?"

"ಕೇಳೋಕೆ ನಿಮ್ಮ ಹಾರ್ನ್ ಎಲ್ಲಿ ಬಿಡ್ತಿತ್ತು?"

"ಅದು ನಮ್ಮಪ್ಪ ಎಳೆದ ವೈರಿಂಗು! ಗೊತ್ತಾ ನಿಮಗೆ?"

"ಗೊತ್ತಾಯ್ತು. ಮನೆಗೆ ಎಳೆಯೋ ವೈರನ್ನ ಗಾಡಿಗೆ ಎಳೆದಿದ್ದಾರೆ. ಹಾರ್ನಿಗೂ ಕಪ್ಪು, ಲೈಟಿಗೂ ಕಪ್ಪು, ವೈಪರಿಗೂ ಕಪ್ಪು. ಯಾವುದು ಎಲ್ಲಿಗೆ ಹೋಗುತ್ತೆ ಅಂತ ಅವರಿಗಾದ್ರೂ ತಿಳಿದಿದೆಯಾ?"

"ಒಂದೊಂದೂ ತಿಳಿದಿದೆ!"

"ಹಾಗಾದ್ರೆ ಅವರನ್ನೇ ಕರ್ಕೊಂಡು ಬಂದು ಜೋಡಿಸ್ಕೊಳ್ಳಿ."

"ಅವರಿಗೆ ಕಣ್ಣು ಕಾಣಲ್ಲ!"

ಮಾತು ಬೀದಿಯಲ್ಲಿ ಬಿತ್ತು. ನಗುತ್ತಿದ್ದವರು ಕಾಲ ಕೆಳಗಿನ ನೆಲ ನೋಡಿದರು. ಅವನು ನಿಂತ. ತಿರುಗಿದ. ತಪ್ಪಾಯ್ತು ಎನ್ನುವ ಮಾತು ಅವನ ಬಾಯಲ್ಲಿ ಅಲ್ಲಿಯವರೆಗೆ ಹುಟ್ಟಿರಲಿಲ್ಲ, ಆವತ್ತೂ ಹುಟ್ಟಲಿಲ್ಲ.

"ಸ್ಟೀರಿಂಗ್ ಹಿಡ್ಕೊಳ್ಳಿ," ಎಂದ. "ನಾನು ತಳ್ತೀನಿ. ದಾರಿಗೆ ಅಡ್ಡ ಇದೆ."

ಅವನೊಬ್ಬನೇ ತಳ್ಳಿದ. ಸಲಹೆ ಕೊಟ್ಟವರು ಯಾರೂ ಕೈ ಹಾಕಲಿಲ್ಲ.

*

ಬೀದಿಯವರು ಅವನನ್ನು ಫ್ಯೂಸು ಎಂದೇ ಕರೆಯುತ್ತಿದ್ದರು. ಸ್ವಲ್ಪ ಹೆಚ್ಚಾದರೆ ಹಾರಿಹೋಗುವ ಮನುಷ್ಯ. ಗಾಡಿಗಳ ವೈರಿಂಗ್ ಕೆಲಸದಲ್ಲಿ ಕೈ ಚೆನ್ನಾಗಿತ್ತು, ನಾಲಿಗೆ ಚೆನ್ನಾಗಿರಲಿಲ್ಲ. ಆ ನಾಲಿಗೆಗೆ ಹೆದರಿ ಅವನ ಅಂಗಡಿಯಲ್ಲಿ ಕೆಲಸಕ್ಕೆ ಯಾರೂ ನಿಲ್ಲುತ್ತಿರಲಿಲ್ಲ.

ಅವಳದು ಲಾಂಡ್ರಿ. ಅಪ್ಪ ಶುರು ಮಾಡಿದ್ದು. ಆಸ್ಪತ್ರೆ, ಲಾಡ್ಜುಗಳ ಬಟ್ಟೆಯನ್ನು ವ್ಯಾನಿನಲ್ಲಿ ತಂದು, ಒಗೆದು, ಇಸ್ತ್ರಿ ಮಾಡಿ ಮುಟ್ಟಿಸುವುದು. ಅಪ್ಪನ ಕಣ್ಣಿನ ನರ ಸೋತ ಮೇಲೆ ವ್ಯಾನಿನ ಕೀ ಅವಳ ಸೊಂಟಕ್ಕೆ ಬಂತು. ಅಲ್ಲಿಯವರೆಗೆ ಅವಳು ಮನೆಯ ಕಿರಿಮಗಳು. ಅಲ್ಲಿಂದೀಚೆಗೆ ಅವಳೂ ಒಬ್ಬ ವ್ಯಕ್ತಿ.

ಅಕ್ಕನ ಗಂಡನಿಗೆ ಮಾತ್ರ ಆ ವ್ಯಾನ್ ಕಂಡರೆ ಆಗುತ್ತಿರಲಿಲ್ಲ. ಭಾವನದು ಹಳೇ ಸಾಮಾನಿನ ವ್ಯಾಪಾರ. ಯಾವ ವಸ್ತುವನ್ನು ನೋಡಿದರೂ ಅದು ಗುಜರಿಯಲ್ಲಿ ಹೇಗೆ ಕಾಣುತ್ತದೆ ಎಂದೇ ಯೋಚಿಸುವ ಮನುಷ್ಯ. ಕೆಟ್ಟವನಲ್ಲ. ಆದರೆ ಒಳ್ಳೆಯದನ್ನು ಕೇಳದೆ ಮಾಡುವ ರೋಗವಿತ್ತು.

"ಮಾವ, ಆ ಡಬ್ಬಾ ಕೊಟ್ಬಿಡೋಣ," ಎನ್ನುತ್ತಿದ್ದ. "ಇವಳು ನನ್ನ ಅಂಗಡಿ ಕೌಂಟರಲ್ಲಿ ಕೂತ್ಕೊಳ್ಳಲಿ. ಫ್ಯಾನ್ ಇದೆ, ಕುರ್ಚಿ ಇದೆ. ಹೆಣ್ಣುಮಗಳು ಬೀದಿ ಬೀದಿಲಿ ಹಾರ್ನ್ ಹೊಡ್ಕೊಂಡು ತಿರುಗೋದು ಏನ್ ಚೆಂದ?"

ಕೊನೆಗೆ ಅಪ್ಪ ಒಂದು ತೀರ್ಮಾನ ಹೇಳಿದ್ದರು. "ಅಳಿಯಂದಿರೇ, ಈ ತಿಂಗಳು ಗಾಡಿ ತಪಾಸಣೆ ಇದೆ. ಪಾಸಾದರೆ ಗಾಡಿ ಇವಳದ್ದು, ಆಮೇಲೆ ಯಾರೂ ಮಾತಾಡಬಾರದು. ಫೇಲಾದರೆ ನಿಮ್ಮ ಮಾತಿನಂತೆ ಆಗಲಿ."

ಈ ತೀರ್ಮಾನ ಆದ ಮಾರನೇ ದಿನವೇ ವ್ಯಾನ್ ಎಡಕ್ಕೆ ತಿರುಗಿ ಕಿರುಚಿಕೊಂಡಿತು.

ಊರಿನ ಬೇರೆ ಅಂಗಡಿಗಳವರು ಬಾನೆಟ್ ಎತ್ತಿ, ಆ ಕಪ್ಪು ವೈರುಗಳ ಗಂಟನ್ನು ನೋಡಿ, ಮತ್ತೆ ಮುಚ್ಚಿದರು. "ಇದು ವೈರಿಂಗ್ ಅಲ್ಲಮ್ಮ, ಜಡೆ. ಪೂರ್ತಿ ಕಿತ್ತು ಹೊಸದು ಹಾಕಿಸಿ, ಇಲ್ಲಾಂದ್ರೆ ಬೇಡ."

ಪೂರ್ತಿ ಕೀಳಿಸಲು ಅವಳಿಗೆ ಮನಸ್ಸಿರಲಿಲ್ಲ. ಅಪ್ಪ ಈಗಲೂ ಸಂಜೆ ವ್ಯಾನಿನ ಪಕ್ಕ ನಿಂತು, ಬಾನೆಟ್ ಒಳಗೆ ಕೈಯಾಡಿಸಿ, ಇದು ಹೆಡ್‌ಲೈಟು, ಇದು ಡೈನಮೊ ಎಂದು ಬೆರಳಲ್ಲೇ ಓದುತ್ತಿದ್ದರು. ಅದೊಂದು ಅವರಿಗೆ ಕಾಣುತ್ತಿತ್ತು. ಅದನ್ನೂ ಕಿತ್ತರೆ...?

ಹಲ್ಲು ಕಚ್ಚಿಕೊಂಡು ಅವಳು ಮತ್ತೆ ಫ್ಯೂಸು ಅಂಗಡಿಗೇ ಹೋದಳು.

ಅವನು ಎಲ್ಲ ಕೇಳಿದ. "ಕೀಳದೆ ಹುಡುಕಬೇಕು ಅಂತೀರಿ."

"ಹೌದು. ಆಗುತ್ತಾ, ಆಗಲ್ವಾ?"

"ಆಗುತ್ತೆ. ಆದರೆ ನನ್ನ ಹತ್ರ ಹುಡುಗರಿಲ್ಲ. ನಾನು ಕೆಳಗೆ ಮಲಗಿರುವಾಗ ಸೀಟಲ್ಲಿ ಕೂತು ಸ್ವಿಚ್ ಹಾಕೋರು ಬೇಕು. ನೀವೇ ಬರಬೇಕು."

"ಬರ್ತೀನಿ."

"ಎರಡೇ ಮಾತು. ಹತ್ತಿದರೆ 'ಹತ್ತಿತು'. ಇಲ್ಲದಿದ್ದರೆ 'ಇಲ್ಲ'. ಅದರ ಮೇಲೆ ಒಂದು ಮಾತಾಡಿದರೆ ನನಗೆ ತಲೆ ಕೆಡುತ್ತೆ."

"ಅದು ಇಷ್ಟು ದಿನ ಸರಿ ಇತ್ತಾ?" ಎಂದಳು ಅವಳು.

ಫ್ಯೂಸು ಆವತ್ತು ಹಾರಲಿಲ್ಲ. ಎದುರಿನ ಕ್ಷೌರದ ಅಂಗಡಿಯವನು ಕತ್ತರಿ ಹಿಡಿದ ಕೈಯನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿ ನೋಡಿದ.

*

ಅಂಗಡಿಯ ಹಿಂದಿನ ಗೋಡೆಗೆ ಹಳೇ ಬೀರುವಿನ ಒಂದು ಕನ್ನಡಿ ಒರಗಿಸಿತ್ತು. ವ್ಯಾನನ್ನು ಅದರ ಮುಂದೆ ಹಿಂಬದಿ ಮಾಡಿ ನಿಲ್ಲಿಸಿದರೆ, ಸೀಟಿನಲ್ಲಿ ಕೂತವರಿಗೆ ತಲೆಯ ಮೇಲಿನ ಪುಟ್ಟ ಕನ್ನಡಿಯಲ್ಲಿ ಆ ದೊಡ್ಡ ಕನ್ನಡಿ ಕಾಣುತ್ತಿತ್ತು, ಅದರಲ್ಲಿ ಹಿಂದಿನ ಲೈಟುಗಳು ಕಾಣುತ್ತಿದ್ದವು. ಇಳಿದು ಹೋಗಿ ನೋಡುವ ಕಷ್ಟವಿಲ್ಲ. ಒಂಟಿಯಾಗಿ ಕೆಲಸ ಮಾಡುವವನು ಮಾಡಿಕೊಂಡ ಉಪಾಯ ಅದು.

ದಿನಾ ಮಧ್ಯಾಹ್ನ ಬಟ್ಟೆ ಮುಟ್ಟಿಸಿ ಅವಳು ಬರುತ್ತಿದ್ದಳು. ಅವನು ಟೆಸ್ಟ್ ಲ್ಯಾಂಪ್ ಹಿಡಿದು ಗಾಡಿಯ ಕೆಳಗೆ ಸರಿಯುತ್ತಿದ್ದ. ವೈರಿನ ತುದಿಗೆ ಮುಟ್ಟಿಸಿದರೆ ಕರೆಂಟು ಇದೆಯೋ ಇಲ್ಲವೋ ಹೇಳುವ ಪುಟ್ಟ ಬಲ್ಬು ಅದು.

"ಇಂಡಿಕೇಟರ್?"

"ಇಲ್ಲ."

"ಈಗ?"

"ಹತ್ತಿತು... ಅಯ್ಯೋ, ಜೊತೆಗೆ ವೈಪರೂ ಓಡ್ತಿದೆ!"

"ಎರಡೇ ಮಾತು ಅಂದಿದ್ದೆ."

"ವೈಪರ್ ಓಡಿದರೆ ಏನನ್ನಬೇಕು ಅಂತ ನೀವು ಹೇಳಿಕೊಟ್ಟಿಲ್ಲ!"

ಕೆಳಗಿನಿಂದ ಕೆಮ್ಮಿನಂಥ ಒಂದು ಸದ್ದು ಬಂತು. ಅದು ನಗು ಎಂದು ಅವಳಿಗೆ ಆಮೇಲೆ ಗೊತ್ತಾಯಿತು.

ಹಾರ್ನಿನ ಕಾಯಿಲೆ ಮೊದಲ ದಿನವೇ ಸಿಕ್ಕಿತು. ಸ್ಟೀರಿಂಗ್ ಕಂಬದ ಅಂಚಿಗೆ ಉಜ್ಜಿ ಉಜ್ಜಿ ಒಂದು ವೈರಿನ ಮೈ ಸವೆದಿತ್ತು. ಎಡಕ್ಕೆ ತಿರುಗಿದಾಗ ಅದು ಕಬ್ಬಿಣಕ್ಕೆ ತಾಗುತ್ತಿತ್ತು. ಉಳಿದ ಕಾಯಿಲೆಗಳು ವಿಚಿತ್ರವಾಗಿದ್ದವು. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿಣುಕುತ್ತಿತ್ತು. ಹೆಡ್‌ಲೈಟ್ ಹಾಕಿದರೆ ಡೀಸೆಲ್ ಮೀಟರಿನ ಮುಳ್ಳು ತಾನೇ ಮೇಲೇರುತ್ತಿತ್ತು.

"ನಂಗೇನೂ ಅರ್ಥ ಆಗ್ತಿಲ್ಲ," ಎಂದಳು ಅವಳು ಒಂದು ದಿನ.

ಅವನು ಒಂದು ಬೋಲ್ಟ್ ಬಿಚ್ಚಿ ಅವಳ ಅಂಗೈಗೆ ಹಾಕಿದ. "ನೋಡಿ. ಬಲ್ಬಿಗೆ ಹೋದ ಕರೆಂಟು ಬ್ಯಾಟರಿಗೆ ವಾಪಸ್ ಬರಬೇಕು. ಗಾಡಿಯ ಕಬ್ಬಿಣದ ಮೈಯೇ ಅದು ವಾಪಸ್ ಬರೋ ದಾರಿ. ಅದಕ್ಕೆ ಅರ್ತ್ ಅಂತೀವಿ. ಆ ದಾರಿ ಮುಚ್ಚಿದರೆ ಕರೆಂಟು ಪಕ್ಕದ ಮನೆ ಬಾಗಿಲು ತಟ್ಟುತ್ತೆ. ವೈಪರ್ ಮನೆ, ಇಂಡಿಕೇಟರ್ ಮನೆ."

"ದಾರಿ ಯಾಕೆ ಮುಚ್ಚಿತು?"

"ಬೋಲ್ಟ್ ಕೆಳಗೆ ಬಣ್ಣ ಇದೆ. ಬಣ್ಣದೊಳಗೆ ಕರೆಂಟು ಹೋಗಲ್ಲ. ಈ ಗಾಡಿಗೆ ಬಣ್ಣ ಹೊಡೆದ ಪುಣ್ಯಾತ್ಮ ಯಾರು?"

"ನಮ್ಮ ಭಾವ. ಹೋದ ವರ್ಷ. ಒಳ್ಳೇ ರೇಟ್ ಬರಲಿ ಅಂತ ಎಲ್ಲಾ ಬಿಚ್ಚಿ ತಾವೇ ಹೊಡೆದರು."

"ಬೋಲ್ಟಿಗೂ ಹೊಡೆದಿದ್ದಾರೆ, ನಟ್ಟಿಗೂ ಹೊಡೆದಿದ್ದಾರೆ. ನೀವು ಪಕ್ಕದಲ್ಲಿ ನಿಂತಿರಲಿಲ್ಲವಲ್ಲ, ಬಚಾವಾದ್ರಿ."

ಅವಳು ನಕ್ಕಳು. ನಕ್ಕಿದ್ದು ತಿಳಿದ ತಕ್ಷಣ ನಿಲ್ಲಿಸಿದಳು. ಇವನ ಜೊತೆ ಯಾಕೆ ನಗಬೇಕು? ಆವತ್ತು ನಡುಬೀದಿಯಲ್ಲಿ ಆಡಿದ ಮಾತು ಮರೆತು ಹೋಯ್ತಾ?

ಮರೆತು ಹೋಗಿತ್ತು. ಅದೇ ಅವಳಿಗೆ ತೊಂದರೆಯಾಗಿತ್ತು.

ಅವನು ಒಂದೊಂದೇ ಅರ್ತ್ ಬೋಲ್ಟ್ ಹುಡುಕಿ, ಉಪ್ಪುಕಾಗದದಲ್ಲಿ ಬಣ್ಣ ಉಜ್ಜಿ, ಮತ್ತೆ ಬಿಗಿದ. ಪ್ರತಿಯೊಂದನ್ನೂ ಎರಡೆರಡು ಸಲ ನೋಡುತ್ತಿದ್ದ. ಯಾರ ಮಾತನ್ನೂ ನಂಬದ ಜಾತಿ. ಅವಳು 'ಹತ್ತಿತು' ಎಂದ ಮೇಲೂ ತೆವಳಿಕೊಂಡು ಹೊರಗೆ ಬಂದು ಕಣ್ಣಾರೆ ನೋಡಿ ಹೋಗುತ್ತಿದ್ದ. ಕೆಲವು ದಿನಗಳಾದ ಮೇಲೆ ಹೊರಗೆ ಬರುವುದನ್ನು ನಿಲ್ಲಿಸಿದ. ಅವಳ ಮಾತೇ ಸಾಕಾಯಿತು.

ಈ ಬದಲಾವಣೆ ಅವಳಿಗೆ ತಿಳಿಯಿತು. ಅವನಿಗೆ ತಿಳಿಯಲಿಲ್ಲ.

ಒಂದು ಮಧ್ಯಾಹ್ನ ಅವಳು ಬರುವ ಹೊತ್ತಿಗೆ ಭಾವ ಆ ಅಂಗಡಿಯಿಂದ ಇಳಿದು ಹೋಗುತ್ತಿದ್ದ. ಅವಳನ್ನು ಕಂಡು ಮುಖ ತಿರುಗಿಸಿದ.

"ಭಾವ ಯಾಕೆ ಬಂದಿದ್ರು?"

"ಸುಮ್ಮನೆ," ಎಂದ ಅವನು. ಮುಖ ಕೆಂಪಾಗಿತ್ತು. ಅವಳು ಮತ್ತೆ ಕೇಳಲಿಲ್ಲ.

*

ತಪಾಸಣೆಯ ಹಿಂದಿನ ಸಂಜೆ. ಕೊನೆಯ ಪರೀಕ್ಷೆ.

ಅವನು ವ್ಯಾನಿನ ಹಿಂಬದಿ ಬಂಪರ್ ಕೆಳಗೆ ಮಲಗಿದ್ದ. ಎದೆಯವರೆಗೆ ಒಳಗೆ, ಮುಖ ಮಾತ್ರ ಹೊರಗೆ. ಬಂಪರ್ ಅಡ್ಡ ಇದ್ದುದರಿಂದ ಲೈಟು ಅವನಿಗೆ ಕಾಣುತ್ತಿರಲಿಲ್ಲ. ಅವಳಿಗೆ ಕನ್ನಡಿಯಲ್ಲಿ ಲೈಟೂ ಕಾಣುತ್ತಿತ್ತು, ಅವನೂ ಕಾಣುತ್ತಿದ್ದ.

"ಎಲ್ಲಾ ಲೈಟ್ ಹಾಕಿ. ಹಾಕಿದ್ರಾ? ಈಗ ಬ್ರೇಕ್ ಒತ್ತಿ. ಬಲಗಡೆ?"

"ಹತ್ತಿತು."

ಅವನ ಹಲ್ಲುಗಳ ನಡುವೆ ಇನ್ಸುಲೇಷನ್ ಟೇಪಿನ ತುಂಡು. ಹಣೆಯ ಮೇಲೆ ಗ್ರೀಸ್. ಮತ್ತೆ... ಅವನು ಗುನುಗುತ್ತಿದ್ದ! ಬೀದಿಯೆಲ್ಲ ಹೆದರುವ ಆ ಮನುಷ್ಯ, ತಾನು ಗುನುಗುತ್ತಿದ್ದೇನೆ ಎಂಬ ಅರಿವೇ ಇಲ್ಲದೆ, ಟೇಪ್ ಕಚ್ಚಿಕೊಂಡು, ಕಣ್ಣು ಅರ್ಧ ಮುಚ್ಚಿ ಯಾವುದೋ ರಾಗ ಎಳೆಯುತ್ತಿದ್ದ. ಶ್ರುತಿ ಇರಲಿಲ್ಲ. ತಾಳವೂ ಇರಲಿಲ್ಲ. ಮುಖದಲ್ಲಿ ಸಿಟ್ಟೂ ಇರಲಿಲ್ಲ. ಸಿಟ್ಟು ತೆಗೆದಿಟ್ಟರೆ ಆ ಮುಖ ಹೀಗಿರುತ್ತದೆಯೇ?

"ಎಡಗಡೆ?"

ನಾಳೆ ಇಷ್ಟು ಹೊತ್ತಿಗೆ ಈ ಕನ್ನಡಿಯ ಮುಂದೆ ನಾನು ಕೂತಿರಲ್ಲ, ಎಂದುಕೊಂಡಳು.

"ರೀ... ಎಡಗಡೆ?"

"ಹತ್ತಿತು," ಎಂದಳು.

ಅವನು ಟೇಪ್ ಸುತ್ತಿದ. ಹೊರಗೆ ಬಂದ. ಕೈ ಒರೆಸಿಕೊಂಡ.

"ಮುಗೀತು."

"ಮುಗೀತಾ?"

"ಹ್ಞೂಂ."

ಇಬ್ಬರೂ ಸ್ವಲ್ಪ ಹೊತ್ತು ವ್ಯಾನನ್ನು ನೋಡುತ್ತ ನಿಂತರು. ನೋಡಲು ಅಲ್ಲಿ ಏನೂ ಉಳಿದಿರಲಿಲ್ಲ.

*

"ಲೈಟ್ ಹಾಕಿ. ಬ್ರೇಕ್ ಒತ್ತಿ," ಎಂದ ತಪಾಸಣೆ ಅಧಿಕಾರಿ. ವ್ಯಾನಿನ ಹಿಂದೆ ಹೋದ. ಬಂದ.

"ಎಡಗಡೆ ಬ್ರೇಕ್ ಲೈಟ್ ಇಲ್ಲ."

"ಏನು?"

"ಬರೀ ಬ್ರೇಕ್ ಒತ್ತಿದರೆ ಹತ್ತುತ್ತೆ. ಹೆಡ್‌ಲೈಟ್ ಹಾಕಿ ಒತ್ತಿದರೆ ಆರಿಹೋಗುತ್ತೆ. ಫೇಲ್. ನಾಳೆ ಮಧ್ಯಾಹ್ನದೊಳಗೆ ಸರಿ ಮಾಡಿಸಿ ತಂದರೆ ಇನ್ನೊಂದು ಸಲ ನೋಡ್ತೀನಿ. ಮುಂದಿನ ಗಾಡಿ!"

ಅವಳು ಅಲ್ಲಿಂದ ಅಂಗಡಿಗೆ ಹೇಗೆ ಬಂದಳೋ ಅವಳಿಗೇ ನೆನಪಿಲ್ಲ. ವ್ಯಾನ್ ನಿಲ್ಲಿಸಿ, ಬಾಗಿಲು ಬಡಿದು ಇಳಿದಳು.

"ಮುಗೀತು ಅಂದ್ರಿ! ನೀವೇ ಹೇಳಿದ್ರಿ, ಮುಗೀತು ಅಂತ!"

ಅವನು ತಲೆಯೆತ್ತಿದ. "ಏನಾಯ್ತು?"

"ಎಡಗಡೆ ಬ್ರೇಕ್ ಲೈಟ್ ಫೇಲ್! ಎಲ್ಲರ ಮುಂದೆ! ನಾಳೆ ಭಾವ ಗುಜರಿಯವನನ್ನ ಕರ್ಕೊಂಡು ಬರ್ತಾರೆ... ಆವತ್ತು ಅವರು ನಿಮ್ಮ ಅಂಗಡಿಗೆ ಯಾಕೆ ಬಂದಿದ್ರು? ಈಗ ಗೊತ್ತಾಯ್ತು! ಅವರಿಗೆ ಬೇಕಾದ ಹಾಗೇ ಮಾಡಿಕೊಟ್ರಿ ಅಲ್ವಾ?"

ಕ್ಷೌರದ ಅಂಗಡಿಯಿಂದ ಅರ್ಧ ಗಡ್ಡದ ಗಿರಾಕಿ ಕೂಡ ಎದ್ದು ಬಂದ. ಈಗ ಫ್ಯೂಸು ಹಾರುತ್ತದೆ ಎಂದು ಬೀದಿ ಕಾಯಿತು.

ಅವನು ಅವಳನ್ನು ನೋಡಿದ. ಏನೋ ಹೇಳಲು ಹೊರಟ. ಯಾಕೋ ಒಮ್ಮೆಲೇ ಕಣ್ಣು ತಗ್ಗಿಸಿದ.

"ನನ್ನ ತಪ್ಪು," ಎಂದ. "ನಾನು ಹೊರಗೆ ಬಂದು ನೋಡಬೇಕಿತ್ತು."

ಅಷ್ಟೇ.

ಬೈಗುಳಕ್ಕೆ ತಯಾರಾಗಿ ಬಂದವಳಿಗೆ ಆ ಮಾತನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಕಣ್ಣೀರು ಬರುವ ಮೊದಲೇ ವ್ಯಾನ್ ಹತ್ತಿ ಹೊರಟಳು.

*

ಮನೆಯಲ್ಲಿ ಭಾವ ಆಗಲೇ ಬಂದು ಕುರ್ಚಿ ತುಂಬ ಕೂತಿದ್ದ. ಸುದ್ದಿ ಅವಳಿಗಿಂತ ಮೊದಲೇ ಮನೆ ಮುಟ್ಟಿತ್ತು.

"ನಾನು ಮೊದಲೇ ಹೇಳಿದ್ದೆ ಮಾವ. ಆ ಫ್ಯೂಸುಗೂ ಹೇಳಿದ್ದೆ. 'ಆಗಲ್ಲ ಅಂತ ಹೇಳಿ ಕಳಿಸಿಬಿಡಪ್ಪ, ನಿನಗೂ ಏನಾದ್ರೂ ಕೊಡ್ತೀನಿ' ಅಂತ ಮರ್ಯಾದೆಯಾಗೇ ಕೇಳಿದೆ. ಸ್ಪ್ಯಾನರ್ ಎತ್ಕೊಂಡು ಬಂದ! ಇನ್ನೊಂದು ಸಲ ಈ ಮೆಟ್ಟಿಲು ಹತ್ತಿದರೆ ನಿಮ್ಮ ನಟ್ಟು ಬೋಲ್ಟು ಸಡಿಲ ಮಾಡ್ತೀನಿ ಅಂದ. ನಾನು ಮನೆ ಅಳಿಯ ಅನ್ನೋದನ್ನೂ ನೋಡಲಿಲ್ಲ!"

"ಅವನಿಗೆ ನೀವು ಅಳಿಯ ಅಲ್ಲವಲ್ಲ ಅಳಿಯಂದಿರೇ," ಎಂದರು ಅಪ್ಪ.

ಅವಳು ಗೋಡೆಗೆ ಒರಗಿದಳು. ಹಾಗಾದರೆ... ಅವನು ಭಾವನನ್ನು ಓಡಿಸಿದ್ದ. ನನಗೆ ಹೇಳಲೂ ಇಲ್ಲ. ನಾನು ಬೀದಿಯಲ್ಲಿ ನಿಂತು ಏನೆಲ್ಲ ಅಂದುಬಿಟ್ಟೆ!

"ಮಗಳೇ," ಅಪ್ಪ ಅವಳ ಉಸಿರು ಕೇಳಿದ ಕಡೆಗೆ ಮುಖ ತಿರುಗಿಸಿದರು. "ಎಲ್ಲಾ ಲೈಟ್ ಹಾಕಿ ಬ್ರೇಕ್ ಒತ್ತಿ ನೋಡಲಿಲ್ವಾ ನೀವು?"

"ನೋಡಿದ್ವಿ ಅಪ್ಪ."

"ಎಡಗಡೆ ಹತ್ತಿತ್ತಾ?"

"ಹತ್ತಿ..."

ಹತ್ತಿತ್ತಾ? ಅವಳು ನೆನಪು ಮಾಡಿಕೊಂಡಳು. ಕನ್ನಡಿ ನೆನಪಿತ್ತು. ಹಣೆಯ ಗ್ರೀಸ್ ನೆನಪಿತ್ತು. ಹಲ್ಲಿನ ನಡುವಿನ ಟೇಪು, ಶ್ರುತಿ ಇಲ್ಲದ ಆ ರಾಗ, ಅರ್ಧ ಮುಚ್ಚಿದ ಕಣ್ಣು... ಎಲ್ಲವೂ ನೆನಪಿತ್ತು. ಲೈಟು?

ಲೈಟನ್ನು ಅವಳು ನೋಡಿರಲೇ ಇಲ್ಲ!

ಹತ್ತಿತು ಎಂದವಳು ಅವಳೇ ಎಂದು ಅವನಿಗೆ ಗೊತ್ತಿತ್ತು. ಮಧ್ಯಾಹ್ನ ಅವನು ಹೇಳಲು ಹೊರಟಿದ್ದು ಇದೇ. 'ಹತ್ತಿತು ಅಂತ ಹೇಳಿದ್ದು ನೀವು' ಎನ್ನುವ ಒಂದು ಮಾತು ಸಾಕಿತ್ತು. ಅದನ್ನು ನುಂಗಿ ನನ್ನ ತಪ್ಪು ಎಂದಿದ್ದ.

ಆವತ್ತು ಅವಳಿಗೆ ಊಟ ಸೇರಲಿಲ್ಲ.

*

ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ವ್ಯಾನ್ ಅಲ್ಲಿ ನಿಂತಿತ್ತು.

"ತಪ್ಪು ನಿಮ್ಮದಲ್ಲ," ಎಂದಳು ಅವಳು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡ ಮಾತುಗಳಲ್ಲಿ ಇದೊಂದೇ ಉಳಿದಿತ್ತು. "ನಾನು ಸುಳ್ಳು ಹೇಳಿದೆ. ಎಡಗಡೆ ಹತ್ತಿರಲಿಲ್ಲ. ಅಂದ್ರೆ... ಹತ್ತಿತ್ತೋ ಇಲ್ಲವೋ ನಾನು ನೋಡಲೇ ಇಲ್ಲ. ನಿನ್ನೆ ಭಾವನ ವಿಷಯದಲ್ಲಿ ಅಂದಿದ್ದೂ ತಪ್ಪು."

ಅವನು ಶಟರ್ ಅರ್ಧ ಎತ್ತಿದ್ದ. ಹಾಗೇ ಹಿಡಿದು ನಿಂತ.

"ಯಾಕೆ ನೋಡಲಿಲ್ಲ?"

ಅವಳು ಉತ್ತರ ಹೇಳಬೇಕಿತ್ತು. ಅಷ್ಟರಲ್ಲಿ ಭಾವನ ಬೈಕ್ ಬಂತು. ಹಿಂದಿನ ಸೀಟಿನಲ್ಲಿ ಅಪ್ಪ. ಅದರ ಬೆನ್ನಿಗೇ ಗುಜರಿ ವ್ಯಾಪಾರಿಯ ಟೆಂಪೊ. ವ್ಯಾಪಾರಿ ಇಳಿದವನೇ ವ್ಯಾನಿನ ಮೈಯನ್ನು ಬೆರಳಲ್ಲಿ ತಟ್ಟಿ ನೋಡಿದ, ಸಂತೆಯಲ್ಲಿ ಮಡಕೆ ತಟ್ಟುವವನಂತೆ.

"ಮನೆಯಿಂದ ಗಾಡಿ ಎತ್ಕೊಂಡು ಬಂದರೆ ಆಯ್ತಾ?" ಎಂದ ಭಾವ. "ಕೀ ಕೊಡಮ್ಮ. ಮಾವ ಮಾತು ಕೊಟ್ಟಿದ್ದಾರೆ. ಗಾಡಿ ಫೇಲಾಗಿದೆ."

"ಗಾಡಿ ಫೇಲಾಗಿಲ್ಲ!"

"ಮತ್ತೆ ಯಾರು ಫೇಲಾಗಿದ್ದು? ನಾನಾ?"

"ನಾನು," ಎಂದಳು ಅವಳು. "ಒಂದು ಅರ್ತ್ ಬಾಕಿ ಇತ್ತು. ಇವರು ಹುಡುಕಿ ತೆಗೀತಿದ್ದರು. ನಾನು ಹತ್ತಿತು ಅಂದಿದ್ದಕ್ಕೆ ಬಿಟ್ಟರು. ನಾನು ಲೈಟ್ ನೋಡಿರಲಿಲ್ಲ."

ಭಾವ ಸೊಂಟದ ಮೇಲೆ ಕೈಯಿಟ್ಟ. "ಲೈಟ್ ನೋಡೋಕೆ ಅಂತಲೇ ಕೂತವಳು ಲೈಟ್ ನೋಡದೆ ಏನಮ್ಮ ನೋಡ್ತಿದ್ದೆ?"

ಕ್ಷೌರದ ಅಂಗಡಿಯವನು ಬಾಗಿಲಿಗೇ ಬಂದಿದ್ದ. ಸುಳ್ಳು ಹೇಳಬಹುದಿತ್ತು. ತಲೆನೋವಿತ್ತು, ಬಿಸಿಲಿತ್ತು, ಕಣ್ಣಿಗೆ ದೂಳು ಬಿತ್ತು... ನೂರು ಇದ್ದವು. ಆದರೆ ಒಂದು ಸುಳ್ಳಿಗೇ ವ್ಯಾನ್ ಇಲ್ಲಿಯವರೆಗೆ ಬಂದು ನಿಂತಿತ್ತು. ಇನ್ನೊಂದು ಹೇಳಿದರೆ ಟೆಂಪೊದ ಹಿಂದೆ ಹೋಗುತ್ತದೆ.

"ಇವರನ್ನ," ಎಂದಳು.

"ಯಾರನ್ನ?"

"ಇವರನ್ನೇ ಭಾವ! ಇವರ ಮುಖ ನೋಡ್ತಿದ್ದೆ! ಸಾಕಾ?"

ಅರ್ಧ ಎತ್ತಿದ್ದ ಶಟರ್ ದಡಾರ್ ಎಂದು ಕೆಳಗೆ ಬಿತ್ತು.

ಮೊದಲು ನಕ್ಕಿದ್ದು ಅಪ್ಪ. ಮೆಲ್ಲಗೆ ಶುರುವಾದ ನಗು ಹೆಗಲು ಅಲ್ಲಾಡಿಸಿತು. "ಅಳಿಯಂದಿರೇ," ಎಂದರು, "ಗಾಡಿ ಸೋತಿಲ್ಲ. ಸೋತಿರೋದು ನನ್ನ ಮಗಳು. ಅವಳನ್ನ ಗುಜರಿಗೆ ಹಾಕೋಕಾಗಲ್ಲ. ಆ ಸಾಹುಕಾರರಿಗೆ ಒಂದು ಚಹಾ ಕುಡಿಸಿ ಕಳಿಸಿ."

"ಮಾವ, ನೀವು ಕೊಟ್ಟ ಮಾತು..."

"ಮಧ್ಯಾಹ್ನದವರೆಗೆ ತಪಾಸಣೆ ಮುಗಿದಿಲ್ಲ. ಅಲ್ಲಿವರೆಗೆ ನನ್ನ ಮಾತೂ ಮುಗಿದಿಲ್ಲ." ಅಪ್ಪ ಕೈ ಚಾಚಿದರು. "ಎಲ್ಲಪ್ಪ ಅವನು, ಫ್ಯೂಸು? ನನ್ನನ್ನ ಗಾಡಿ ಹಿಂದಕ್ಕೆ ಕರ್ಕೊಂಡು ಹೋಗು. ಕಪ್ಪು ವೈರ್ ಅಂತ ಬೈದೆಯಂತೆ."

ಅವನು ಬಂದು ಕೈ ಹಿಡಿದ. "ಬೈದೆ. ಬಣ್ಣ ಇಲ್ಲದೆ ಹೇಗೆ ಗುರುತು ಹಿಡೀತಿದ್ರಿ?"

"ಬಣ್ಣ ನೋಡಿ ಎಳೆದಿದ್ದರೆ ಇವತ್ತು ನನಗೇನು ಉಳೀತಿತ್ತು? ನಾನು ದಾರಿ ನೆನಪಿಟ್ಕೊಂಡು ಎಳೆದೆ." ಅಪ್ಪ ಹಿಂಬಾಗಿಲಿನ ಒಳಗೆ ತಡವಿ, ನೆಲಕ್ಕೆ ಹಾಕಿದ ಹಲಗೆಯ ಒಂದು ಮೂಲೆಯನ್ನು ತಟ್ಟಿದರು. "ಇದರ ಕೆಳಗೆ ಒಂದು ಬೋಲ್ಟ್ ಇದೆ. ಎಡಗಡೆಯ ಅರ್ತ್ ಅಲ್ಲಿಗೆ ಬರುತ್ತೆ. ನಮ್ಮ ಅಳಿಯಂದಿರು ಹಲಗೆ ಎತ್ತಿ ಬಣ್ಣ ಬಳಿದಿರ್ತಾರೆ. ಅವರ ಕೆಲಸ ಯಾವತ್ತೂ ಅಚ್ಚುಕಟ್ಟು."

ಹಲಗೆ ಎತ್ತಿದರು. ಬೋಲ್ಟ್ ಹೊಸ ಮದುವಣಗಿತ್ತಿಯಂತೆ ಮಿರಮಿರ ಹೊಳೆಯುತ್ತಿತ್ತು, ಎರಡು ಕೋಟ್ ನೀಲಿ ಬಣ್ಣದಲ್ಲಿ.

ಭಾವ ಚಹಾ ತರಲು ತಾನೇ ಹೋದ.

*

ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಅಧಿಕಾರಿ ವ್ಯಾನಿನ ಸುತ್ತ ಒಂದು ಸುತ್ತು ಹಾಕಿದ. ಲೈಟ್ ಹಾಕಿಸಿದ. ಬ್ರೇಕ್ ಒತ್ತಿಸಿದ. ಹಾರ್ನ್ ಹೊಡೆಸಿದ. ಎಡಕ್ಕೆ ತಿರುಗಿಸಿದ. ಸೀಲು ಒತ್ತಿ ಕಾಗದವನ್ನು ಅವಳ ಕೈಗೆ ಕೊಟ್ಟು ಮುಂದಿನ ಗಾಡಿಯನ್ನು ಕರೆದ. ಅವಳ ಇಡೀ ಬದುಕು ಆ ಕಾಗದದಲ್ಲಿದೆ ಎನ್ನುವುದು ಅವನಿಗೆ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಗೇಟಿನ ಹೊರಗೆ ಫ್ಯೂಸು ಕಾಂಪೌಂಡಿಗೆ ಒರಗಿ ನಿಂತಿದ್ದ. ಟೂಲ್ ಬ್ಯಾಗ್ ಕಾಲ ಬಳಿ ಇತ್ತು.

"ಪಾಸಾಯ್ತು," ಎಂದಳು.

"ಕಂಡಿತು."

ಅವಳು ವ್ಯಾನಿನ ಕೀಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ನಾನು ಬೀದಿಯಲ್ಲಿ ನಿಂತು ಹೇಳಿಬಿಟ್ಟೆ. ನೀವು ಶಟರ್ ಬೀಳಿಸಿದ್ದು ಬಿಟ್ಟರೆ ಏನೂ ಹೇಳಲಿಲ್ಲ."

"ಏನ್ ಹೇಳ್ಬೇಕು?" ಅವನ ದನಿ ಏರಿತು. "ಎಲ್ಲರ ಮುಂದೆ ಹಾಗೆ ಹೇಳಿಬಿಟ್ಟರೆ ಮನುಷ್ಯ ಏನ್ ಮಾಡಬೇಕು? ನನಗೆ ಬೈಯೋದು ಬಿಟ್ಟು ಬೇರೆ ಮಾತು ಬರುತ್ತಾ?"

"ಹಾಗಾದ್ರೆ ಬೈರಿ!"

ಅವನು ಬೈಯಲಿಲ್ಲ. ಕೈಯ ಮೇಲಿನ ಗ್ರೀಸನ್ನು ಹೆಬ್ಬೆರಳಲ್ಲಿ ಉಜ್ಜುತ್ತ ನಿಂತ. ಮತ್ತೆ ಮಾತಾಡಿದಾಗ ದನಿ ತಗ್ಗಿತ್ತು.

"ನಿನ್ನೆ ನೀವು ಫೇಲಾಯ್ತು ಅಂತ ಕೂಗಿಕೊಂಡು ಬಂದ್ರಲ್ಲ... ಆಗ, ಹತ್ತಿತು ಅಂದಿದ್ದು ನೀವೇ ಅಂತ ಹೇಳೋಣ ಅಂತಿದ್ದೆ. ಅಷ್ಟರಲ್ಲಿ ನನಗೆ ಒಂದು ಗೊತ್ತಾಯ್ತು. ನೀವು ಅಳೋ ಹಾಗಿದ್ರಿ. ನಾನು... ಖುಷಿಯಾಗಿದ್ದೆ."

"ಖುಷಿನಾ?"

"ಗಾಡಿ ಫೇಲಾಗಿದೆ, ಅಂದ್ರೆ ಇವರು 'ಹತ್ತಿತು, ಇಲ್ಲ' ಅನ್ನೋಕೆ ನಾಳೆನೂ ಬರ್ತಾರೆ ಅಂತ. ನಿಮ್ಮ ಇಡೀ ಜೀವನ ಹೋಗ್ತಾ ಇದೆ, ಈ ಬಡ್ಡಿಮಗನಿಗೆ ಖುಷಿ! ನಾಚಿಕೆ ಆಯ್ತು. ಅದಕ್ಕೇ ನನ್ನ ತಪ್ಪು ಅಂದೆ. ದೊಡ್ಡ ಮನಸ್ಸು ಅದು ಇದು ಅಂತ ತಿಳ್ಕೋಬೇಡಿ. ಅದೇನೂ ಇಲ್ಲ ನನ್ನ ಹತ್ರ."

ಅವಳು ಅವನನ್ನೇ ನೋಡಿದಳು. ಈಗ ನಡುವೆ ಕನ್ನಡಿ ಇರಲಿಲ್ಲ.

"ಇವತ್ತು ಸಂಜೆ ಮನೆಗೆ ಬನ್ನಿ," ಎಂದಳು. "ಅಪ್ಪ ಹೇಳಿದ್ದಾರೆ."

ಅವನು ಅಭ್ಯಾಸಬಲದಿಂದ ಟೂಲ್ ಬ್ಯಾಗ್ ಎತ್ತಿಕೊಂಡ. "ಏನ್ ಕೆಟ್ಟಿದೆ?"

"ಏನೂ ಕೆಟ್ಟಿಲ್ಲ."

"ಮತ್ತೆ?"

"ಮತ್ತೆ ಏನಿಲ್ಲ. ಊಟಕ್ಕೆ ಬನ್ನಿ."

ಅವನು ಬ್ಯಾಗ್ ಹಿಡಿದುಕೊಂಡೇ ನಿಂತ. ಗೇಟಿನಿಂದ ಗಾಡಿಗಳು ಒಂದರ ಹಿಂದೆ ಒಂದು ಹೊರಗೆ ಹೋದವು.

"ಏನೂ ಕೆಡದೆ ನನ್ನನ್ನ ಇದುವರೆಗೆ ಯಾರೂ ಮನೆಗೆ ಕರೆದಿಲ್ಲ," ಎಂದ.

"ಈಗ ನಾನು ಕರೀತಿದೀನಲ್ಲ."

"...ಇದನ್ನ ತರಬೇಕಾ?"

"ಬಿಟ್ಟು ಬನ್ನಿ," ಎಂದಳು ಅವಳು.